ಮೂವತ್ತೊಂದು ಜೊತೆ ಕಣ್ಣು

“ಕನ್ನಡಕ ಹಾಕಿ ತೆಗೀಲೋ, ಹಾಕ್ದೆ ತೆಗೀಲೋ? ಯಾರಾದ್ರೂ ಒಬ್ರು ಹೇಳ್ಬಿಡ್ರಪ್ಪ, ಬಿಸಿಲು ಜಗಲಿ ಮೇಲೆ ಬತ್ತಾ ಐತೆ.”

ಕ್ಯಾಮೆರಾದ ಕಪ್ಪು ಬಟ್ಟೆಯೊಳಗಿಂದ ತಲೆ ಹೊರಹಾಕಿ ಸ್ಟುಡಿಯೋ ಕಲ್ಲೇಶಪ್ಪ ಕೇಳಿದ. ಎದುರಿಗೆ ಜಗಲಿಯ ಗೋಡೆಗೆ ಒರಗಿಸಿ, ಬೆಳಗಿನ ಜಾವ ತೀರಿಕೊಂಡ ಪೇಂಟರ್ ಬೆನಕಪ್ಪನನ್ನು ಕೂರಿಸಿದ್ದರು. ತಲೆ ವಾಲದಂತೆ ಹಣೆಗೊಂದು ಬಿಳಿ ವಸ್ತ್ರ ಕಟ್ಟಿ ಗೂಟಕ್ಕೆ ಬಿಗಿದಿದ್ದರು. ಮೈತುಂಬ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ತೊಡೆಯ ಮೇಲೆ ಜೋಡಿಸಿಟ್ಟ ಎರಡು ಕೈ. ಸ್ನಾನ ಮಾಡಿಸಿದವರು ಎಷ್ಟು ತಿಕ್ಕಿದ್ದರೋ ಏನೋ, ಬಲಗೈ ಹೆಬ್ಬೆರಳ ಉಗುರಿನ ಸಂದಿಯಲ್ಲಿ ಹಸಿರು ಬಣ್ಣ ಇನ್ನೂ ಹಾಗೇ ಇತ್ತು. ತರೀಕೆರೆಯ ಅರ್ಧ ಅಂಗಡಿಗಳ ಹೆಸರು ಬರೆದ ಕೈ ಅದು.

“ಹಾಕೇ ತೆಗೀರಿ,” ಎಂದ ಎದುರು ಮನೆಯ ಕೊಬ್ಬರಿ ವ್ಯಾಪಾರಿ ಹನುಮಂತಪ್ಪ. “ಆ ಸೋಡಾಬುಡ್ಡಿ ಇಲ್ದಿದ್ರೆ ಇವ್ನೇ ಬೆನಕಪ್ಪ ಅಂತ ಯಾರಿಗೆ ಗೊತ್ತಾಗ್ತೈತೆ?”

“ಶಿವನ ಪಾದ ಸೇರೋನಿಗೆ ಕನ್ನಡಕ ಯಾಕಪ್ಪ?” ಎಂದರು ಕ್ರಿಯೆ ಮಾಡಿಸಲು ಬಂದಿದ್ದ ಗಂಗಾಧರಯ್ಯನವರು.

“ಶಿವಂಗಲ್ಲ ಅಯ್ನೋರೇ, ಫೋಟೋಕ್ಕೆ.”

ಭಜನೆಯವರು ಕೂಡ ತಾಳ ನಿಲ್ಲಿಸಿ ಈ ಮಾತಿಗೆ ಕಿವಿಗೊಟ್ಟರು. ಆಗ ಬಾಗಿಲ ಬಳಿಯಿಂದ ಬೆನಕಪ್ಪನ ಹೆಂಡತಿ ಕರಿಬಸಮ್ಮನ ದನಿ ಬಂತು. ಅತ್ತೂ ಅತ್ತೂ ಒಡೆದ ದನಿ, ಆದರೆ ಮಾತು ಗಟ್ಟಿ.

“ಕನ್ನಡಕ ಬ್ಯಾಡ ಕಲ್ಲೇಶಣ್ಣ. ಹಂಗೇ ತೆಗೀರಿ.”

ಎಂಟು ವರ್ಷದಲ್ಲಿ ಅವಳು ಅವನೊಡನೆ ಆಡಿದ ಮೊದಲ ಮಾತು ಅದು. ಕಲ್ಲೇಶಪ್ಪ ತಲೆ ತಗ್ಗಿಸಿ ಮತ್ತೆ ಕಪ್ಪು ಬಟ್ಟೆಯೊಳಗೆ ಹೋದ. ಕ್ಯಾಮೆರಾದ ಗಾಜಿನ ಮೇಲೆ ಬೆನಕಪ್ಪ ತಲೆಕೆಳಗಾಗಿ ಕೂತಿದ್ದ. ಅವನನ್ನು ನೋಡುತ್ತಿದ್ದಂತೆ ಕಲ್ಲೇಶಪ್ಪನಿಗೆ ಒಂದು ವಿಚಾರ ಹೊಳೆದು ಕೈ ನಿಂತಿತು. ಹದಿನೈದು ವರ್ಷ ಒಟ್ಟಿಗೆ ಕೆಲಸ ಮಾಡಿದ್ದಾಗಿದೆ, ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿಂದದ್ದಾಗಿದೆ, ಆದರೆ ಕನ್ನಡಕವಿಲ್ಲದ ಇವನ ಕಣ್ಣನ್ನು ತಾನು ಒಂದು ದಿನವೂ ಕಂಡಿಲ್ಲ. ಆ ದಪ್ಪ ಗಾಜಿನ ಹಿಂದೆ ಎರಡು ದೊಡ್ಡ ಮಬ್ಬು ಗೋಲಿ ಕಾಣುತ್ತಿದ್ದವು, ಅಷ್ಟೇ. ಇವತ್ತು ಗಾಜು ಹೋಯಿತು, ರೆಪ್ಪೆ ಮುಚ್ಚಿತು. ಇನ್ನು ನೋಡುವುದೇನು ಬಂತು!

ಫೋಟೋ ತೆಗೆದು ಕ್ಯಾಮೆರಾ ಕಟ್ಟುತ್ತಿದ್ದಾಗ ಕರಿಬಸಮ್ಮ ಹತ್ತಿರ ಬಂದಳು.

“ಇವತ್ತೇ ದೊಡ್ಡದು ಮಾಡಿ ತಂದ್ಕೊಡಿ. ಶಿವಮೊಗ್ಗಕ್ಕೆ ಮಾತ್ರ ಕಳಿಸ್ಬ್ಯಾಡಿ.”

“ತರ್ತೀನಿ ಕರಿಬಸಮ್ಮ. ಆದ್ರೆ ಕಣ್ಣು? ಕಣ್ಣು ತೆರೆಸೋನೇ ಇಲ್ಲಿ ಕಣ್ಣು ಮುಚ್ಚಿ ಕೂತವ್ನೆ.”

“ನೀವು ತನ್ನಿ. ಆಮೇಲೆ ಹೇಳ್ತೀನಿ.”

*

ಬದುಕಿದ್ದಾಗ ಫೋಟೋ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ಹೆದರುವ ಹಿರಿಯರು ಆ ಸೀಮೆಯಲ್ಲಿ ಬೇಕಾದಷ್ಟಿದ್ದರು. ಹೀಗಾಗಿ ಎಮ್ಮೆದೊಡ್ಡಿ, ಅಜ್ಜಂಪುರದ ಕಡೆಯ ಎಷ್ಟೋ ಯಜಮಾನರು ಕ್ಯಾಮೆರಾದ ಮುಂದೆ ಮೊದಲ ಸಲ ಕೂತದ್ದು ಸತ್ತ ಮೇಲೆಯೇ. ಸುದ್ದಿ ಬಂದ ಕೂಡಲೆ ಕಲ್ಲೇಶಪ್ಪ ಕ್ಯಾಮೆರಾ ಹೊತ್ತು ಸಿಕ್ಕ ಬಸ್ಸು ಹತ್ತುತ್ತಿದ್ದ. ಫೋಟೋ ತೆಗೆಯುವುದೇನೋ ಆಯಿತು, ಆದರೆ ಮುಚ್ಚಿದ ಕಣ್ಣಿನ ಅಪ್ಪನನ್ನು ನಡುಮನೆಯ ಗೋಡೆಗೆ ಹಾಕಿ ದಿನಾ ಕೈ ಮುಗಿಯಲು ಯಾರಿಗೆ ಮನಸ್ಸು ಬಂದೀತು? ದೊಡ್ಡದು ಮಾಡಿದ ಫೋಟೋಕ್ಕೆ ರುಮಾಲು, ಶಲ್ಯದ ಬಣ್ಣ ಹಚ್ಚಿ ಮೇಲೆ ಕಣ್ಣು ತೆರೆಸಬೇಕು. ಅದು ಬೆನಕಪ್ಪನ ಕೆಲಸ.

ಅವನು ಸ್ಟುಡಿಯೋದಲ್ಲಿ ಕೂತು ಬರೆದವನೇ ಅಲ್ಲ. ಫೋಟೋವನ್ನು ಹಳೇ ಪೇಪರಿನಲ್ಲಿ ಸುತ್ತಿಕೊಂಡು ಮನೆಗೆ ಒಯ್ಯುತ್ತಿದ್ದ. ಮೂರನೆಯ ದಿನ ತಂದಾಗ ಸತ್ತವರು ಕಣ್ಣು ಬಿಟ್ಟು ಕೂತಿರುತ್ತಿದ್ದರು. ಅದೂ ಎಂಥ ಕಣ್ಣು! ನೀವು ಅಡುಗೆಮನೆ ಬಾಗಿಲಲ್ಲಿ ನಿಂತರೂ ನಿಮ್ಮನ್ನೇ ನೋಡುತ್ತವೆ, ಕೊಟ್ಟಿಗೆ ಕಡೆ ತಿರುಗಿದರೂ ನಿಮ್ಮನ್ನೇ ನೋಡುತ್ತವೆ. ಸ್ವಲ್ಪ ನಗು, ಸ್ವಲ್ಪ ನಾಚಿಕೆ, ‘ಊಟ ಆಯ್ತಾ’ ಎಂದು ಕೇಳುವ ಹಾಗೆ.

“ಇಲ್ಲೇ ಕೂತು ಬರೀಬಾರ್ದೇನೋ ಬೆನಕಾ?” ಎಂದು ಕಲ್ಲೇಶಪ್ಪ ಕೇಳಿದರೆ, “ನಮ್ಮನೇಲಿ ಬೆಳಕು ಚೆಂದಾಗೈತೆ ಕಣೋ,” ಎನ್ನುತ್ತಿದ್ದ. ಬೆನಕಪ್ಪನ ಮನೆಗೆ ಇದ್ದದ್ದು ಒಂದೇ ಒಂದು ಕಿಟಕಿ, ಅದೂ ಮೊರದಗಲದ್ದು.

*

ಎಂಟು ವರ್ಷದ ಹಿಂದೆ, ಎಪ್ಪತ್ತೆಂಟನೇ ಇಸವಿಯಲ್ಲಿ, ಕಡೂರಿನ ಡ್ರಾಯಿಂಗ್ ಮೇಷ್ಟ್ರು ಓಂಕಾರಮೂರ್ತಿ ಯಾರದೋ ಮನೆಯಲ್ಲಿ ಇಂಥದೊಂದು ಪಟ ನೋಡಿ ದಂಗಾದರು. ಮೈಸೂರಿನಲ್ಲಿ ಓದಿ ಬಂದವರು, ಸುಮ್ಮನಿರುತ್ತಾರೆಯೇ? “ಇದು ಕಲೆ ಕಣ್ರಯ್ಯ, ಕಲೆ!” ಎಂದು ಹೊರಟು ಮೂರು ತಾಲ್ಲೂಕಿನ ಗಡಿ ಸುತ್ತಿ, ಮನೆಮನೆಯಲ್ಲಿ ಕಾಡಿ ಬೇಡಿ, ಮೂವತ್ತೊಂದು ಪಟ ಇಳಿಸಿ ತಂದರು. ಕಡೂರಿನ ಛತ್ರವೊಂದರ ಹಾಲಿನಲ್ಲಿ ಸಾಲಾಗಿ ತೂಗುಹಾಕಿದರು. ‘ಚಿತ್ರಕಲಾ ಪ್ರದರ್ಶನ’ ಎಂದು ಗುಲಾಬಿ ಬಣ್ಣದ ಕರಪತ್ರ ಹಂಚಿದರು.

ಜನ ಬಂದರು, ಗಾಡಿ ಕಟ್ಟಿಕೊಂಡು ಬಂದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ಸತ್ತವರನ್ನು ನೋಡಲು ಬರಿಗೈಯಲ್ಲಿ ಯಾರು ಬರುತ್ತಾರೆ? ಹೂವು, ಊದುಬತ್ತಿ, ಬಾಳೆಹಣ್ಣು ಎಲ್ಲ ತಂದಿದ್ದರು. ‘ಚಿತ್ರಗಳನ್ನು ಮುಟ್ಟಬಾರದು’ ಎಂಬ ಬೋರ್ಡಿಗೂ ಯಾರೋ ಕುಂಕುಮ ಹಚ್ಚಿದರು. ದ್ಯಾವಮ್ಮನೆಂಬ ಮುದುಕಿ ಗಂಡನ ಪಟದ ಕೆಳಗೆ ಟಪ್ಪೆಂದು ತೆಂಗಿನಕಾಯಿ ಒಡೆದೇಬಿಟ್ಟಳು. ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಕೂತರು. ಅಭಿಪ್ರಾಯ ಬರೆಯಲು ಇಟ್ಟಿದ್ದ ಪುಸ್ತಕದಲ್ಲಿ ಒಬ್ಬರು ಬರೆದಿದ್ದರು: ‘ನಮ್ಮ ಮಾವನವರು ಚೆನ್ನಾಗಿದ್ದಾರೆ. ಸೋಮವಾರದೊಳಗೆ ವಾಪಸ್ಸು ಕಳಿಸಬೇಕು.’

ಮಧ್ಯಾಹ್ನದವರೆಗೆ ಎಲ್ಲ ಸಂಭ್ರಮವೇ. ಆಮೇಲೆ ಹನುಮಂತಪ್ಪ ತನ್ನ ಅಪ್ಪನ ಪಟ ನೋಡಿದ, ಪಕ್ಕದ್ದು ನೋಡಿದ, ಅದರ ಪಕ್ಕದ್ದೂ ನೋಡಿದ. ಹಾಲಿನ ಈ ತುದಿಯಿಂದ ಆ ತುದಿಗೆ ನಡೆದು ವಾಪಸ್ಸು ಬಂದ.

“ಏನ್ರೀ ಇದು? ನಮ್ಮಪ್ಪಂದೂ ಇದೇ ಕಣ್ಣು, ಆ ದನ ಕಾಯೋ ಈರಪ್ಪನವ್ವಂದೂ ಇದೇ ಕಣ್ಣು!”

ಒಂದೊಂದು ಮನೆಯಲ್ಲಿ ಒಂಟಿಯಾಗಿದ್ದಾಗ ಯಾರಿಗೂ ಕಾಣದಿದ್ದದ್ದು ಸಾಲಿನಲ್ಲಿ ನಿಂತಾಗ ಕಂಡಿತು. ಗಂಡಸು, ಹೆಂಗಸು, ಮುದುಕ, ಪ್ರಾಯದವ, ಮೂವತ್ತೊಂದು ಮುಖದಲ್ಲೂ ಒಂದೇ ಜೊತೆ ಕಣ್ಣು. ಹಾಲಿನಲ್ಲಿ ಗದ್ದಲವೋ ಗದ್ದಲ. ಎಲ್ಲರೂ ಫೋಟೋ ತೆಗೆದ ಕಲ್ಲೇಶಪ್ಪನ ಕೊರಳಪಟ್ಟಿ ಹಿಡಿದರು. ಅವಮಾನದಿಂದ ಅವನ ಮೈಯೆಲ್ಲ ಉರಿಯಿತು. ಮೂಲೆಯಲ್ಲಿ ಹೆಂಡತಿಯ ಪಕ್ಕ ನಿಂತಿದ್ದ ಬೆನಕಪ್ಪನಿಗೆ ಎಲ್ಲರೆದುರೂ ಅಂದುಬಿಟ್ಟ:

“ಮೋಸಗಾರ ಕಣೋ ನೀನು! ಬೋರ್ಡ್ ಬರೆಯೋಕೆ ಅಚ್ಚು ಇಟ್ಕೊಂಡಂಗೆ ಸತ್ತೋರ ಕಣ್ಣಿಗೂ ಅಚ್ಚು ಇಟ್ಕೊಂಡಿದ್ದೀಯಲ್ಲ!”

ಬೆನಕಪ್ಪನ ಕೈ ಕನ್ನಡಕದ ಕಡ್ಡಿಯವರೆಗೆ ಹೋಯಿತು. ಕರಿಬಸಮ್ಮ ಏನೋ ಹೇಳಲು ಬಾಯಿ ತೆರೆದಳು. ಅವನು ಅವಳ ಕಡೆ ನೋಡಿ ಕೈ ಇಳಿಸಿದ.

“ಹೌದಪ್ಪ. ತಪ್ಪು ನಂದೇ,” ಎಂದಷ್ಟೇ ಹೇಳಿ, ಹೆಂಡತಿಯನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ.

ಅವತ್ತಿನಿಂದ ಕಲ್ಲೇಶಪ್ಪ ಕಣ್ಣು ತೆರೆಸಲು ಫೋಟೋಗಳನ್ನು ಶಿವಮೊಗ್ಗಕ್ಕೆ ಕಳಿಸತೊಡಗಿದ. ಬೆನಕಪ್ಪ ಬರೀ ಬೋರ್ಡು ಬರೆದ. ಒಂದೇ ಊರು, ಒಂದೇ ಪೇಟೆ, ಎದುರಾದರೆ ಇವನು ಆ ಕಡೆ, ಅವನು ಈ ಕಡೆ.

*

ಗುಣಿಯಲ್ಲಿ ಬೆನಕಪ್ಪನನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ, ಬಿಲ್ವಪತ್ರೆ ತುಂಬಿ ಮಣ್ಣು ಮುಚ್ಚುವ ಹೊತ್ತಿಗೆ ಮಧ್ಯಾಹ್ನ ಒಂದು ಗಂಟೆ. ಕಲ್ಲೇಶಪ್ಪನೂ ಮೂರು ಹಿಡಿ ಮಣ್ಣು ಹಾಕಿದ. ‘ತಪ್ಪಾಯ್ತು ಕಣೋ ಬೆನಕಾ’ ಎಂಬ ಮಾತು ಗಂಟಲವರೆಗೆ ಬಂತು. ಎಂಟು ವರ್ಷ ಕೇಳಿಸಿಕೊಳ್ಳಲು ಅವನಿದ್ದಾಗ ಹೇಳದವನು ಈಗ ಮಣ್ಣಿಗೆ ಹೇಳಿ ಏನು ಪ್ರಯೋಜನ ಎಂದು ನುಂಗಿಕೊಂಡ.

ವಾಪಸ್ಸು ಬರುವಾಗ ಹನುಮಂತಪ್ಪ ಜೊತೆಯಾದ.

“ನಿಮ್ಮಪ್ಪಂದು ಆ ಪಟ ಇನ್ನೂ ಐತಾ?” ಕಲ್ಲೇಶಪ್ಪ ಕೇಳಿದ.

“ಇರದೇ ಏನು? ಅದನ್ನ ಇಳಿಸಿ ಶಿವಮೊಗ್ಗದಲ್ಲಿ ಬರೆಸಿದ್ದು ಹಾಕಿದ್ದೆ ಕಣಪ್ಪ. ನಮ್ಮವ್ವ, ‘ಇವ್ನ್ಯಾರೋ ಬಸ್ಸಿಗೆ ಕಾಯೋನಂಗೆ ಎತ್ಲಾಗೋ ನೋಡ್ತಾನೆ, ನನ್ ಗಂಡನ್ನ ತಗೊಂಡ್ಬಾ’ ಅಂತ ಎರಡು ದಿನ ಊಟ ಬಿಟ್ಲು. ಹಳೇದೇ ಹಾಕ್ದೆ.” ಸ್ವಲ್ಪ ದೂರ ನಡೆದು ಮತ್ತೆ ಅಂದ: “ಅಚ್ಚಾದ್ರೂ ಅಂಥಾ ಕಣ್ಣು ಅವ್ನಿಗೆ ಎಲ್ಲಿ ಸಿಕ್ತು ಅಂತೀನಿ.”

ಅದೇ ಪ್ರಶ್ನೆ ಕತ್ತಲ ಕೋಣೆಯಲ್ಲೂ ಕಲ್ಲೇಶಪ್ಪನ ಬೆನ್ನು ಬಿಡಲಿಲ್ಲ. ಕೆಂಪು ದೀಪದ ಕೆಳಗೆ, ಔಷಧಿ ನೀರಿನ ತಟ್ಟೆಯಲ್ಲಿ ಬೆನಕಪ್ಪನ ಮುಖ ನಿಧಾನವಾಗಿ ಮೂಡಿತು. ಮೊದಲು ರುದ್ರಾಕ್ಷಿ, ಆಮೇಲೆ ಮೀಸೆ, ಕೊನೆಗೆ ಮುಚ್ಚಿದ ಎರಡು ರೆಪ್ಪೆ.

ನಾಲ್ಕು ಗಂಟೆಗೆ ಫೋಟೋ ಒಣಗಿಸಿಕೊಂಡು ಹೋದಾಗ ಕರಿಬಸಮ್ಮ ಕಿಟಕಿಯ ಪಕ್ಕ ಚಾಪೆ ಹಾಸಿ ಕೂತಿದ್ದಳು. ಮುಂದೆ ಒಂದು ಮಣೆ, ಬಿಸ್ಕತ್ ಡಬ್ಬಿ, ಎದುರಿಗೊಂದು ಕುರ್ಚಿ. ಡಬ್ಬಿಯೊಳಗೆ ಕೂದಲೆಳೆಯಷ್ಟು ಸಣ್ಣ ಬ್ರಷ್ಷುಗಳು, ಪುಟ್ಟ ಪುಟ್ಟ ಬಣ್ಣದ ಬಟ್ಟಲು. ಜಗಲಿಯಲ್ಲಿ ಗಂಗಾಧರಯ್ಯನವರೂ ಹನುಮಂತಪ್ಪನೂ ಇದ್ದರು.

“ಇವತ್ತೇ ಯಾಕವ್ವ?” ಎಂದ ಹನುಮಂತಪ್ಪ.

“ಲಿಂಗವಂತರಿಗೆ ಸೂತಕ ಇಲ್ಲ. ಮಾಡ್ಲಿ ಬಿಡು,” ಎಂದರು ಅಯ್ಯನವರು.

ಕರಿಬಸಮ್ಮ ಫೋಟೋವನ್ನು ಮಣೆಯ ಮೇಲಿಟ್ಟುಕೊಂಡಳು. ಬ್ರಷ್ಷನ್ನು ತುಟಿಯಲ್ಲಿ ಒದ್ದೆ ಮಾಡಿ ತುದಿ ಚೂಪು ಮಾಡಿದಳು. ಬೆರಳು ಅದನ್ನು ಹಿಡಿದ ರೀತಿ ನೋಡಿದ್ದೇ ಕಲ್ಲೇಶಪ್ಪ ಮಣೆಯ ಹತ್ತಿರ ಬಂದು ಕೂತ.

“ಕಣ್ಣು ತೆರೆಸ್ತಿದ್ದಿದ್ದು… ನೀನಾ?”

“ಅವ್ರಿಗೆ ದೂರದ್ದೆಲ್ಲಾ ಕಾಣೋದು ಕಲ್ಲೇಶಣ್ಣ. ಬೋರ್ಡಿನ ಮಾರುದ್ದದ ಅಕ್ಷರ ಬರೆಯೋರು, ರುಮಾಲು ಶಲ್ಯ ಬರೆಯೋರು. ಕನ್ನಡಕ ಹಾಕಿದ್ರೂ ಸಾಸ್ವೆ ಕಾಳಷ್ಟು ಸಣ್ಣದು ಕಾಣ್ತಾನೇ ಇರ್ಲಿಲ್ಲ. ಗೊತ್ತಾದ್ರೆ ಯಾರು ಕೆಲಸ ಕೊಡ್ತಾರೆ ಹೇಳಿ? ರಂಗೋಲಿ ಹಾಕಿ ಹಾಕಿ ಪಳಗಿದ ನನ್ ಕೈ ನಡುಗ್ತಿರ್ಲಿಲ್ಲ. ಅದ್ಕೇ ನನ್ ಕೈಗೆ ಬ್ರಷ್ ಕೊಟ್ರು.” ಕನ್ನಡಕವನ್ನು ಮಡಿಲಿಂದ ತೆಗೆದು ಮಣೆಯ ಪಕ್ಕ ಇಟ್ಟಳು. “ಆ ಸತ್ತೋರ ಕಣ್ಣು ಹೆಂಗಿತ್ತು ಅಂತ ನಾನೇನು ಕಂಡಿದ್ನಾ? ಕೇಳಿದ್ರೆ, ಇದನ್ನ ತೆಗೆದು ಆ ಕುರ್ಚಿ ಮೇಲೆ ಕೂತ್ಕೊಳೋರು. ‘ನನ್ನನ್ನೇ ನೋಡ್ಕೊಂಡು ಬರಿ ಕಣೇ’ ಅನ್ನೋರು. ನಂಗೆ ಗೊತ್ತಿದ್ದಿದ್ದು ಅದೊಂದೇ ಜೊತೆ ಕಣ್ಣು.”

ಛತ್ರದ ಹಾಲಿನಲ್ಲಿ ಕನ್ನಡಕದವರೆಗೆ ಹೋಗಿ ಇಳಿದ ಆ ಕೈ ಕಲ್ಲೇಶಪ್ಪನ ಕಣ್ಣಿಗೆ ಕಟ್ಟಿತು. ಕನ್ನಡಕ ತೆಗೆದಿದ್ದರೆ ಮುಗಿಯುತ್ತಿತ್ತು, ಪಟದಲ್ಲಿರುವುದು ಇವನದೇ ಕಣ್ಣೆಂದು ಊರಿಗೆ ಊರೇ ನೋಡುತ್ತಿತ್ತು, ನೋಡಿಕೊಂಡು ಬರೆದವರು ಯಾರೆಂದೂ ಕೇಳುತ್ತಿತ್ತು. ತೆಗೆಯಲಿಲ್ಲ ಪುಣ್ಯಾತ್ಮ. ಹೆಂಡತಿಯ ಮೇಲೆ ಮಾತು ಬಾರದಿರಲಿ ಎಂದು ಮೋಸಗಾರನೆನ್ನಿಸಿಕೊಂಡು ಬಸ್ಸು ಹತ್ತಿದ. ಕಲ್ಲೇಶಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಮಗುವಿನಂತೆ ಅತ್ತ.

ಕರಿಬಸಮ್ಮ ಬ್ರಷ್ಷನ್ನು ಕಪ್ಪಿನಲ್ಲಿ ಅದ್ದಿದಳು. ರೆಪ್ಪೆಯ ಹತ್ತಿರ ಒಯ್ದಳು. ಅಭ್ಯಾಸಬಲದಿಂದ ತಲೆಯೆತ್ತಿ ಎದುರಿಗೆ ನೋಡಿದಳು. ಕುರ್ಚಿ ಖಾಲಿ ಇತ್ತು. ಮತ್ತೆ ಬಗ್ಗಿದಳು, ಮತ್ತೆ ಎತ್ತಿದಳು. ಬ್ರಷ್ಷನ್ನು ಬಟ್ಟಲಿಗೆ ಒರಗಿಸಿಟ್ಟಳು.

“ಆಗ್ತಾ ಇಲ್ಲ ಕಲ್ಲೇಶಣ್ಣ. ನೋಡದೆ ಒಂದ್ಸಲಾನೂ ಬರೆದಿಲ್ಲ ನಾನು. ಇವತ್ತು ಆಗ್ದಿದ್ರೆ ಇನ್ಯಾವತ್ತೂ ಆಗಲ್ಲ. ಎಲ್ಲರಿಗೂ ಕಣ್ಣು ಕೊಟ್ಟು ಅವ್ರನ್ನೇ ಹಿಂಗೆ ಮುಚ್ಕೊಂಡು ಗೋಡೆಗೆ ಹಾಕ್ಲಾ?”

ಕಲ್ಲೇಶಪ್ಪ ಮುಖ ಒರೆಸಿಕೊಂಡು ಹನುಮಂತಪ್ಪನ ಕಡೆ ತಿರುಗಿದ. ಅವನು ಅಲ್ಲಿರಲಿಲ್ಲ. ಎದುರು ಮನೆಯಲ್ಲಿ ಸ್ಟೂಲು ಎಳೆದ ಸದ್ದಾಯಿತು. ಒಳಗಿನಿಂದ ಮುದುಕಿಯೊಬ್ಬಳು, “ಎಲ್ಲಿಗೋ ಹೊತ್ಕೊಂಡ್ ಹೋಗ್ತೀಯಾ ನಿಮ್ಮಪ್ಪನ್ನ?” ಎಂದು ಕೂಗಿದಳು. “ಇಲ್ಲೇ, ಎದುರು ಮನೆಗೆ ಕಣವ್ವ. ಈಗ ಬತ್ತಾನೆ,” ಎಂದ ಹನುಮಂತಪ್ಪ, ದೊಡ್ಡ ಪಟವನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಬೀದಿ ದಾಟಿದ. ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಪಟದ ಹಾರ ತೆಗೆದು, ಗಾಜನ್ನು ಪಂಚೆಯ ತುದಿಯಿಂದ ಒರೆಸಿ, ಖಾಲಿ ಕುರ್ಚಿಯ ಮೇಲೆ ನೇರವಾಗಿ ಕೂರಿಸಿದ.

“ಇಷ್ಟು ವರ್ಷ ನಾನು ದಿನಾ ಬೆಳಿಗ್ಗೆ ಕೈ ಮುಗೀತಿದ್ದಿದ್ದು ಬೆನಕಂಗಾ?” ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಹಾಗೆ ಹೇಳುತ್ತಲೇ ಇನ್ನೊಂದು ಸಲ ಕೈ ಮುಗಿದ.

ಕೆಂಪು ರುಮಾಲು, ಗಿರಿಜಾ ಮೀಸೆ, ಅಪ್ಪಟ ಕೊಬ್ಬರಿ ವ್ಯಾಪಾರಿಯ ಠೀವಿ. ಅದರ ನಡುವೆ ಸ್ವಲ್ಪ ನಗುವ, ಸ್ವಲ್ಪ ನಾಚುವ ಆ ಎರಡು ಕಣ್ಣು. ಕರಿಬಸಮ್ಮ ನೋಡಿದಳು, ನೋಡುತ್ತಲೇ ಇದ್ದಳು. ಸೆರಗು ಸರಿಮಾಡಿಕೊಂಡಳು. ಬ್ರಷ್ಷನ್ನು ಮತ್ತೆ ತುಟಿಗೆ ಒತ್ತಿ ತುದಿ ಚೂಪು ಮಾಡಿ, ಕುರ್ಚಿಯ ಕಡೆ ತಿರುಗಿ ಸಣ್ಣ ದನಿಯಲ್ಲಿ ಗದರಿದಳು:

“ರೆಪ್ಪೆ ಹೊಡೀಬ್ಯಾಡಿ. ಸುಮ್ನೆ ಕೂತ್ಕೊಳಿ ಒಂದ್ ಗಳಿಗೆ.”

ಮತ್ತೆ ಬಗ್ಗಿ ಮೊದಲ ಚುಕ್ಕಿ ಇಟ್ಟಳು.