ಉಪ್ಪಿನಕಾಯಿ ಮರವೂ ಎರಡು ಹಿಡಿಯ ಗರಗಸವೂ

ನಾನು ಒಂದು ಗರಗಸ. ಒಬ್ಬರ ಕೈಗೆ ಬಗ್ಗುವುದಿಲ್ಲ. ಎರಡು ತುದಿಗೆ ಎರಡು ಹಿಡಿ. ಆಚೆಗೊಬ್ಬರು ಈಚೆಗೊಬ್ಬರು ನಿಂತರೆ ಮಾತ್ರ ನನಗೆ ಜೀವ. ಶ್ರೀನಿವಾಸಪುರದ ಕಡೆ ಒಂದು ಸಾಮಿಲ್ಲಿನ ಮೂಲೆಯಲ್ಲಿ ಮುರಿದು ಬಿದ್ದಿದ್ದ ಹಳೆಯ ಗರಗಸದ ಪಟ್ಟಿಯ ತುಂಡು ನಾನು. ವೀರಾಚಾರಿ ಎಂಬ ಕಮ್ಮಾರ ನನ್ನನ್ನು ಎತ್ತಿ ತಂದು, ಮೂರು ದಿನ ಅರ ಹಾಕಿ ಉಜ್ಜಿ, ಹಲ್ಲು ಮೂಡಿಸಿ, ಜಾಲಿ ಮರದ ಹಿಡಿ ತೊಡಿಸಿದ. ಮರ ಕೊಯ್ಯುವ ಮುನಿಶಾಮಪ್ಪನ ಕೈಗೆ ಕೊಡುವಾಗ ಅವನು ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ.

"ಎಳೀಬೇಕು ಮುನಿಶಾಮಣ್ಣ, ನೂಕಬಾರ್ದು. ಆ ಕಡೆಯವರು ಎಳೆಯೋವಾಗ ನೀನು ಕೈ ಸಡಿಲ ಬಿಡಬೇಕು. ಅಷ್ಟೇ ವಿದ್ಯೆ."

ಮುನಿಶಾಮಪ್ಪನಿಗೆ ಆ ವಿದ್ಯೆ ಕೊನೆಯವರೆಗೂ ಪೂರ್ತಿ ಹತ್ತಲಿಲ್ಲ. ಮೂಗಿನ ತುದಿಯಲ್ಲೇ ಸಿಟ್ಟು, ಎಲ್ಲದಕ್ಕೂ ಅವಸರ. ಇನ್ನೊಂದು ಹಿಡಿ ಹಿಡಿಯುತ್ತಿದ್ದ ಬಷೀರ್ ಸಾಬರು ಎಂಟು ವರ್ಷ ಅವನನ್ನು ಸಹಿಸಿಕೊಂಡರು. ಅವರ ಸೊಂಟ ಹಿಡಿದುಕೊಂಡ ಮೇಲೆ ಜೊತೆಗೆ ಯಾರೂ ಸಿಗಲಿಲ್ಲ. ಆಗ ಮುನಿಶಾಮಪ್ಪನ ಹೆಂಡತಿ ಪಾಪಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಆ ಹಿಡಿಗೆ ಕೈ ಹಾಕಿದಳು. "ಮನೇಲಿ ಜಗ್ಗಾಡಿದ್ದು ಸಾಲ್ದು ಅಂತ ಗಂಡ ಹೆಂಡ್ತಿ ತೋಪಿಗೂ ಬಂದವ್ರೆ" ಎಂದು ಊರು ನಕ್ಕಿತು. ನಾನು ಮಾತ್ರ ಆ ದಿನ ಮೊದಲ ಸಲ ಬೆಣ್ಣೆಯಲ್ಲಿ ಓಡಿದ ಹಾಗೆ ಓಡಿದೆ.

ನನ್ನ ಬಾಳೆಲ್ಲ ಮರ ಕೆಡವುವುದರಲ್ಲೇ ಕಳೆಯಿತು. ಒಂದೇ ಒಂದು ಸಲ ಬೇರೆ ಥರ ಆಯಿತು.

ಊರಾಚೆಯ ತೋಪಿನಲ್ಲಿ ಚೌಡಮ್ಮ ಎಂಬಾಕೆಗೆ ಒಂದು ನಾಟಿ ಮಾವಿನ ಮರವಿತ್ತು. ಅದನ್ನು ಎಲ್ಲರೂ ಉಪ್ಪಿನಕಾಯಿ ಮರ ಎನ್ನುತ್ತಿದ್ದರು. ಆಕೆ ಅದರ ಕಾಯಿ ಮಾರಿದವಳಲ್ಲ. ಊರಿನ ಪ್ರತಿ ಮನೆಗೂ ಒಂದು ಪುಟ್ಟಿ ಕಾಯಿ. ಪ್ರತಿ ಮನೆಯಿಂದ ಆಕೆಗೆ ಒಂದು ಬಟ್ಟಲು ಉಪ್ಪಿನಕಾಯಿ. ಮಕ್ಕಳಿಲ್ಲದ ಚೌಡಮ್ಮನ ಅಟ್ಟದ ಮೇಲೆ ಊರಿನ ಎಲ್ಲ ಅಡುಗೆಮನೆಗಳೂ ಜಾಡಿಗಳಲ್ಲಿ ಕೂತಿದ್ದವು. ಯಾರ ಮನೆಯಲ್ಲಿ ಖಾರ ಹೆಚ್ಚು, ಯಾರ ಸೊಸೆ ಮೆಂತ್ಯ ಸೀಯಿಸಿದಳು, ಎಲ್ಲ ಆಕೆಗೆ ಗೊತ್ತು.

ಒಂದು ವೈಶಾಖದ ಸಂಜೆ ಆಲಿಕಲ್ಲಿನ ಜೊತೆ ಬಿರುಗಾಳಿ ಬಂತು. ಬೆಳಗಾದಾಗ ತೋಪಿನಲ್ಲಿ ಏಳು ಮರ ನೆಲ ಕಚ್ಚಿದ್ದವು. ಉಪ್ಪಿನಕಾಯಿ ಮರವೂ ಅವುಗಳಲ್ಲೊಂದು. "ಇಟ್ಟಿಗೆ ಗೂಡಿಗೆ ಸೌದೆ ಆಗ್ತದೆ, ಕೊಯ್ಸಿಬಿಡಮ್ಮ" ಎಂದರು ಪಕ್ಕದ ಹೊಲದವರು. ಚೌಡಮ್ಮ ತಲೆಯಾಡಿಸಿ ನಮಗೆ ಹೇಳಿಕಳಿಸಿದಳು. ನಾವು ಹೋದಾಗ ಆಕೆ ಮರದ ಬುಡದ ಗುಂಡಿಯಲ್ಲಿ ನಿಂತು, ಮೇಲೆದ್ದ ಬೇರಿಗೆ ಚೊಂಬಿನಿಂದ ನೀರು ಹಾಕುತ್ತಿದ್ದಳು.

ಮುನಿಶಾಮಪ್ಪ ಎಂದಿನ ಅವಸರದಲ್ಲಿ ಬುಡದಿಂದ ಆಳುದ್ದ ಬಿಟ್ಟು ನನ್ನನ್ನು ಮೇಲಿನಿಂದ ಇಟ್ಟ. ಅಲ್ಲೇ ತಪ್ಪಿದ್ದು. ಬಿದ್ದ ಮರದ ಭಾರವೆಲ್ಲ ಆ ಗಾಯವನ್ನು ಒತ್ತಿ, ನಾಲ್ಕು ಬೆರಳು ಇಳಿಯುವಷ್ಟರಲ್ಲಿ ನನ್ನನ್ನು ಕಚ್ಚಿ ಹಿಡಿಯಿತು. ಎಳೆದರೂ ಬರಲಿಲ್ಲ, ನೂಕಿದರೂ ಹೋಗಲಿಲ್ಲ.

"ಹಾಳಾದ್ದು! ಬೆಣೆ ತಗೊಂಬಾರೇ" ಎಂದು ಅವನು ಕೂಗಿದ. ಬೆಣೆ ತರಲು ಆಚೆ ಬದಿಗೆ ಹೋದ ಪಾಪಕ್ಕ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟಳು.

"ಬನ್ರೀ ಇಲ್ಲಿ. ಈ ಕಡೆ ಬೇರು ಒಂದೂ ಕಿತ್ತಿಲ್ಲ. ಅರ್ಧ ಬೇರು ಇನ್ನೂ ಮಣ್ಣಾಗೇ ಐತೆ. ತಲೆಭಾರ ಇಳಿಸಿದ್ರೆ ಇದು ತಾನೇ ಎದ್ದು ಕೂತ್ಕೊಂತದೆ."

"ಮರ ಎದ್ದು ಕೂತ್ಕೊಳ್ಳಕ್ಕೆ ಅದೇನು ನಿಮ್ಮಪ್ಪನಾ?"

"ನಮ್ಮಪ್ಪನೇ ಒಂದು ಹುಣಸೆ ಮರ ಹಿಂಗೆ ಎಬ್ಬಿಸಿದ್ದ. ಸುಮ್ನೆ ಬೆಣೆ ಹೊಡೀರಿ."

ನಾನು ಕಚ್ಚಿಕೊಳ್ಳದೆ ಹೋಗಿದ್ದರೆ ಅವಳು ಆ ಕಡೆ ಹೋಗುತ್ತಲೇ ಇರಲಿಲ್ಲ. ಬೆಣೆ ಬಡಿದು ನನ್ನನ್ನು ಬಿಡಿಸಿದರು. ತುದಿಯಿಂದ ಶುರುಮಾಡಿ, ಕೊಂಬೆ ಕೊಂಬೆಯಾಗಿ ಭಾರ ಇಳಿಸುತ್ತ ಬುಡದ ಕಡೆ ಬಂದೆವು. ಮೂರನೆಯ ದಿನ ಮತ್ತೆ ಹಳೆಯ ಗಾಯಕ್ಕೇ ನನ್ನನ್ನು ಇಟ್ಟರು. ಅಷ್ಟರಲ್ಲಿ ಪಾಪಕ್ಕ ನೋಡಿದರೆ ಚೌಡಮ್ಮ ಮತ್ತೆ ಚೊಂಬು ಹಿಡಿದು ಗುಂಡಿಯಲ್ಲಿ ನಿಂತಿದ್ದಾಳೆ.

"ಅಯ್ಯೋ ಅಮ್ಮಾ, ಅದು ಎದ್ದರೆ ಬೇರು ನಿಮ್ಮ ಮೇಲೇ ಕೂತ್ಕೊಂತದೆ!" ಎಂದು ರಟ್ಟೆ ಹಿಡಿದು ಆಚೆ ಎಳೆದಳು.

ಕೊನೆಯ ಎಳೆತಕ್ಕೆ ಮೋಟು ಒಮ್ಮೆ ನಡುಗಿತು. ಆಮೇಲೆ ನೆಲದೊಳಗಿಂದ ಯಾರೋ ಎಳೆದಂತೆ ದಢಕ್ಕನೆ ಎದ್ದು, ಬೇರಿನ ಸಮೇತ ತನ್ನ ಗುಂಡಿಯಲ್ಲೇ ಕೂತಿತು. ಆ ರಭಸಕ್ಕೆ ನಾನು ಹಾರಿ ಕಲ್ಲಿಗೆ ಬಡಿದೆ. ಮೂರು ಹಲ್ಲು ಹೋದವು. ಹೋಗಲಿ ಬಿಡಿ, ಅಷ್ಟು ಒಳ್ಳೆಯ ಕೆಲಸಕ್ಕೆ ಹೋದ ಹಲ್ಲು ಇನ್ಯಾವುದಿದೆ?

ಬೇರಿಗೆ ಮಣ್ಣು ತುಳಿದರು, ಗಾಯಕ್ಕೆ ಸಗಣಿ ಮೆತ್ತಿ ಗೋಣಿ ಸುತ್ತಿದರು. ಆ ವರ್ಷ ಊರಿನವರು ಸಂತೆಯ ಕಾಯಿ ತಂದು ಉಪ್ಪಿನಕಾಯಿ ಹಾಕಿದರು. ಆದರೂ ಚೌಡಮ್ಮನ ಮನೆಗೆ ಬಟ್ಟಲು ಬರುವುದು ಒಂದೂ ತಪ್ಪಲಿಲ್ಲ. ಆಕೆ ಬಾಗಿಲಲ್ಲೇ ನಿಂತು ಅತ್ತಳು. ಮಳೆಗಾಲ ಮುಗಿಯುವ ಹೊತ್ತಿಗೆ ಮೋಟಿನ ಪಕ್ಕದಲ್ಲಿ ತಾಮ್ರದ ಬಣ್ಣದ ಚಿಗುರು ಕಂಡಿತು. ಮುನಿಶಾಮಪ್ಪ ಅದನ್ನು ಮುಟ್ಟಿ ನೋಡಿ, "ನಾನಾಗಿದ್ರೆ ಸೌದೆ ಮಾಡಿಬಿಡ್ತಿದ್ದೆ ಕಣೇ" ಎಂದ. ಅವನು ಹೆಂಡತಿಯೆದುರು ತಪ್ಪು ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ನಾಲ್ಕನೆಯ ಬೇಸಿಗೆಗೆ ಹನ್ನೊಂದು ಕಾಯಿ ಬಿಟ್ಟವು. ಪುಟ್ಟಿ ಹಂಚಲು ಸಾಲದು. ಚೌಡಮ್ಮ ತಾನೇ ಉಪ್ಪಿನಕಾಯಿ ಹಾಕಿ ಮನೆಗೆರಡು ಹೋಳು ಕಳಿಸಿದಳು. ಮೊದಲ ಬಟ್ಟಲು ಪಾಪಕ್ಕನಿಗೆ ಬಂತು.

ಈಗ ಯಂತ್ರದ ಗರಗಸಗಳ ಕಾಲ. ಮುನಿಶಾಮಪ್ಪ ತೀರಿಕೊಂಡ, ಪಾಪಕ್ಕನ ಭುಜ ಸೋತಿದೆ. ಅವಳು ನನ್ನನ್ನು ಚೌಡಮ್ಮನಿಗೇ ಕೊಟ್ಟಳು. ಆಕೆಯ ಪಡಸಾಲೆಯ ಗೂಟದಲ್ಲಿ ತೂಗಿಕೊಂಡಿದ್ದೇನೆ. ನಾನು ಮಲಗಿಸಿದ ಮರಗಳ ಲೆಕ್ಕ ನನಗೆ ಸಿಗದು. ಎಬ್ಬಿಸಿದ ಒಂದು ಮರ ಮಾತ್ರ ಇಲ್ಲಿಂದ ಕಿಟಕಿಯಲ್ಲಿ ಕಾಣುತ್ತದೆ.

ವರ್ಷಕ್ಕೊಮ್ಮೆ, ಉಪ್ಪಿನಕಾಯಿ ಹಾಕಿದ ದಿನ, ಇಬ್ಬರು ಮುದುಕಿಯರೂ ನನ್ನನ್ನು ಇಳಿಸುತ್ತಾರೆ. ಆಚೆ ಹಿಡಿ ಒಬ್ಬಳಿಗೆ, ಈಚೆ ಹಿಡಿ ಒಬ್ಬಳಿಗೆ. ಉಳಿದ ಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಅಡಿಗಿಟ್ಟು, ತುಕ್ಕು ಹಿಡಿಯದಿರಲೆಂದು ಅದರ ಮೇಲೆ ನನ್ನನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತಾರೆ. ಚೌಡಮ್ಮ ಪ್ರತಿ ಸಲವೂ ನೂಕುತ್ತಾಳೆ. ಪಾಪಕ್ಕ ಪ್ರತಿ ಸಲವೂ ಹೇಳುತ್ತಾಳೆ: "ನೂಕಬೇಡಿ ಅಮ್ಮಾ, ಕೈ ಸಡಿಲ ಬಿಡಿ. ನಾನಿಲ್ವಾ ಈ ಕಡೆ?"