ಯಕ್ಕೆ ಯ ಒತ್ತು

ನನಗೆ ಬಾಯಿ ಜಾಸ್ತಿ ಎಂದು ಎಲ್ಲರೂ ಹೇಳುತ್ತಾರೆ. ಹೇಳಲಿ. ಮೂವತ್ತಾರು ವರ್ಷ ಕೋರ್ಟಿನಲ್ಲಿ ಬೆರಳಚ್ಚುಗಾರ್ತಿಯಾಗಿ ಕೂತು ಬೇರೆಯವರ ಮಾತನ್ನೇ ಹೊಡೆದವಳಿಗೆ, ಮನೆಗೆ ಬಂದ ಮೇಲಾದರೂ ನಾಲ್ಕು ಮಾತು ಸ್ವಂತದ್ದು ಬೇಡವೇ? ಕೀಲಿಮಣೆಯ ಮುಂದೆ ಮಾತ್ರ ನಾನು ಮೂಕಿ. ಸಾಕ್ಷಿ ‘ಗೊತ್ತಿಲ್ಲಾ’ ಎಂದು ಎಳೆದರೆ ಆ ದೀರ್ಘವನ್ನೂ ಬಿಟ್ಟವಳಲ್ಲ. ಕೇಳಿಸದ ಮಾತನ್ನು ಊಹಿಸಿ ತುಂಬಿದವಳಲ್ಲ. ಕಂಸದಲ್ಲಿ ‘ಅಸ್ಪಷ್ಟ’ ಎಂದು ಹಾಕಿ ಮುಂದೆ ಹೋಗುತ್ತಿದ್ದೆ. ಎಷ್ಟೋ ನ್ಯಾಯಾಧೀಶರು ಬಂದರು, ಹೋದರು. ನನ್ನ ಹಾಳೆಯ ಮೇಲೆ ಯಾರೂ ಕೆಂಪು ಗೆರೆ ಎಳೆಯಲಿಲ್ಲ. ಇದು ಜಂಬ ಎನ್ನುವುದಾದರೆ ಜಂಬವೇ ಸರಿ.

ನಿವೃತ್ತಿಯಾದ ಮೇಲೆ ನನ್ನನ್ನು ಟೀಚರ ಮನೆಯ ಟೈಪಿಂಗ್ ಕೆಲಸಕ್ಕೆ ಎಳೆದವಳು ಅಕ್ಕ. ನನಗಿಂತ ಆರು ವರ್ಷ ದೊಡ್ಡವಳು, ದರ್ಜಿ. ನಮ್ಮ ಹಿಂದಿನ ಬೀದಿಯಲ್ಲೇ ಮನೆ, ಮನೆಯ ಮುಂದಿನ ಕೋಣೆಯೇ ಅಂಗಡಿ. ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡಿರುವುದರಿಂದ ಅವಳ ಮಾತೆಲ್ಲ ತುಟಿಯ ಅಂಚಿನಿಂದಲೇ ಹೊರಬೀಳಬೇಕು. ಭಾವ ತೀರಿಕೊಂಡ ವರ್ಷ ಅವಳು ಟೀಚರ ಮನೆಗೆ ಹೋಗತೊಡಗಿದಳು.

ಟೀಚರು ಶಾಲೆಯಲ್ಲಿ ಭೂಗೋಳ ಪಾಠ ಮಾಡುತ್ತಿದ್ದವರು. ಈಗ ಪ್ರತಿ ಮಂಗಳವಾರ ಮಧ್ಯಾಹ್ನ ಮೂರಕ್ಕೆ ಹಿಂದಿನ ಕೋಣೆಯಲ್ಲಿ ಪರದೆ ಎಳೆದುಕೊಂಡು ಕಣ್ಣು ಮುಚ್ಚಿ ಕೂರುತ್ತಾರೆ. ಹತ್ತು ನಿಮಿಷದಲ್ಲಿ ಅವರ ದನಿ ಬದಲಾಗುತ್ತದೆ. ಆಮೇಲೆ ಮಾತಾಡುವುದು ಅವರಲ್ಲ, ದೇಹ ಬಿಟ್ಟು ನೂರಾರು ವರ್ಷವಾದ ಯಾರೋ ಎಂದು ಬಂದವರ ನಂಬಿಕೆ. ಆ ಯಾರೋಗೆ ‘ಹಿರಿಯರು’ ಎಂದು ಹೆಸರು. ಹೊರಗಿನ ಹಜಾರದಲ್ಲಿ ಕೂತವರು ತಮ್ಮ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಬಿಸ್ಕತ್ ಡಬ್ಬಿಗೆ ಹಾಕುತ್ತಾರೆ. ಹೆಸರಿಲ್ಲ, ನಂಬರ್ ಮಾತ್ರ. ಟೀಚರ ಯಜಮಾನರು ಒಳಗೆ ಹೋಗಿ ಒಂದೊಂದನ್ನೇ ಓದುತ್ತಾರೆ. ಅವರಿಗೆ ಕಿವಿ ದೂರ, ಓದುವುದಷ್ಟೇ ಅವರ ಪಾಲು. ಪ್ರಶ್ನೆ, ಉತ್ತರ ಎಲ್ಲ ಟೇಪಿಗೆ ಹೋಗುತ್ತದೆ. ಎಚ್ಚರವಾದಾಗ ಟೀಚರಿಗೆ ಒಂದೂ ನೆನಪಿರುವುದಿಲ್ಲ. ನಾನು ಟೇಪು ಕೇಳಿ ಟೈಪ್ ಮಾಡಿ ಕೊಟ್ಟ ಹಾಳೆ ಶನಿವಾರ ಹಜಾರದ ಗೋಡೆಗೆ ಅಂಟುತ್ತದೆ. ಅಂದರೆ ಹಿರಿಯರ ಮಾತನ್ನು ಎಲ್ಲರಿಗಿಂತ ಮೊದಲು ಕೇಳುವ ಕಿವಿ ನನ್ನದು. ಅಲ್ಲಿ ಕೇಳಿದ್ದನ್ನು ಹೊರಗೆ ಆಡುವುದಿಲ್ಲ ಎಂದು ಮಾತು ಕೊಟ್ಟಿದ್ದೆ.

“ನಿನಗೆ ನಂಬಿಕೆ ಇಲ್ಲದಿದ್ರೂ ಪರವಾಗಿಲ್ಲ, ಬೆರಳಿದ್ರೆ ಸಾಕು,” ಎಂದಿದ್ದಳು ಅಕ್ಕ.

ಮೊದಮೊದಲು ನಾನು ಸುಮ್ಮನಿರಲಿಲ್ಲ. “ದೇಹವೇ ಇಲ್ಲದೋರಿಗೆ ಅಷ್ಟೊಂದು ಗಂಟಲು ಸರಿ ಮಾಡ್ಕೊಳ್ಳೋ ಕೆಲಸ ಏನಕ್ಕಾ?” ಎಂದು ಒಮ್ಮೆ ಕೇಳಿದೆ. ಅಕ್ಕ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು.

“ಹಾಗಾದ್ರೆ ಸತ್ತ ಮೇಲೆ ನೀನು ಇರೋದೇ ಇಲ್ವಾ?”

“ಇದ್ರೆ ನಿನ್ನ ತಲೆ ತಿನ್ನೋಕೆ ಬರ್ತೀನಿ, ಬಿಡು.”

ಅವಳು ನಗಲಿಲ್ಲ. “ನಿಮ್ಮ ಭಾವ ಎಲ್ಲೋ ಇದ್ದಾರೆ ಅನ್ನೋದೊಂದನ್ನ ನನ್ನಿಂದ ಕಿತ್ಕೋಬೇಡ ಕಣೆ,” ಎಂದಳು. ನನ್ನ ನಾಲಿಗೆಗೆ ಬೆಂಕಿ ಬೀಳಲಿ ಎನಿಸಿತು. ಅಂದಿನಿಂದ ನಮ್ಮಿಬ್ಬರ ನಡುವೆ ಆ ವಿಷಯಕ್ಕೆ ಬೀಗ.

ಈಗ ಆ ಗುರುವಾರದ ವಿಷಯ. ಬುಧವಾರವೇ ಟೈಪ್ ಮುಗಿಸಿದ್ದೆ. ಟೈಪ್ ಮಾಡುವಾಗ ಅರ್ಥ ನನ್ನ ತಲೆಗೆ ಹತ್ತುವುದಿಲ್ಲ. ಕಿವಿಯಿಂದ ಬೆರಳಿಗೆ ನೇರ ದಾರಿ. ಕೊಲೆಯ ಸಾಕ್ಷಿಯನ್ನೂ ಹಾಗೇ ಹೊಡೆದು, ಎದ್ದು ಹೋಗಿ ಆರಾಮಾಗಿ ಊಟ ಮಾಡಿದವಳು ನಾನು. ಮರುದಿನ ಹಾಳೆ ಮುಂದಿಟ್ಟುಕೊಂಡು, ಪೆನ್ಸಿಲ್ ಹಿಡಿದು, ಇನ್ನೊಮ್ಮೆ ಟೇಪು ಕೇಳಿ ತಾಳೆ ನೋಡುವುದು ನನ್ನ ಪದ್ಧತಿ. ಆಗಲೂ ನೋಡುವುದು ಅಕ್ಷರವನ್ನಷ್ಟೇ, ಅರ್ಥವನ್ನಲ್ಲ. ಪೆನ್ಸಿಲಿಗೆ ಕೆಲಸವೇ ಬೀಳುವುದಿಲ್ಲ.

ಮೂವತ್ತೊಂದನೇ ಚೀಟಿಗೆ ಬಂದಾಗ ಬಿತ್ತು. ಟೇಪಿನಲ್ಲಿ ಹಿರಿಯರು ಗಂಟಲು ಸರಿಮಾಡಿಕೊಂಡು, “ಹೆದರಬೇಡ ಮಗು. ಕಾಯಬೇಕು,” ಎಂದರು. ನನ್ನ ಹಾಳೆಯಲ್ಲಿ ‘ಹೆದರಬೇಡ ಮಗು. ಕೊಯ್ಯಬೇಕು’ ಎಂದಿತ್ತು.

ನಾನು ತಪ್ಪು ಹೊಡೆದಿದ್ದೆನೇ? ನಂಬಲಾಗದೆ ಟೇಪು ಹಿಂದಕ್ಕೆ ಓಡಿಸಿದೆ. ಕಾಯಬೇಕು. ಮತ್ತೆ ಓಡಿಸಿದೆ. ಗಂಟೆ ಹೊಡೆದ ಹಾಗೆ ಕಾಯಬೇಕು. ಅದಿರಲಿ, ಕೊಯ್ಯುವುದಾದರೂ ಏನನ್ನು? ಅಷ್ಟು ಹೊತ್ತಿಗೆ ಪ್ರಶ್ನೆ ಏನಿತ್ತು ಎಂದು ನೋಡುವ ಬುದ್ಧಿ ಬಂತು. ಇನ್ನಷ್ಟು ಹಿಂದಕ್ಕೆ ಹೋದೆ. ಯಜಮಾನರು ಓದಿದರು:

“ಮೂವತ್ತೊಂದು. ಎಡಗಡೆ ಎದೆಯಲ್ಲಿ ಗಂಟು. ಮೊದಲು ಷರ್ಟಿನ ಗುಂಡಿಯಷ್ಟಿತ್ತು, ಈಗ ಕೋಟಿನ ಗುಂಡಿಯಷ್ಟಾಗಿದೆ. ಒಳ್ಳೇ ಗಂಟಲ್ಲ ಅಂತ ಪರೀಕ್ಷೆಯಲ್ಲಿ ಬಂದಿದೆ. ಇದೇ ತಿಂಗಳು ಆಪರೇಷನ್ ಆಗಬೇಕು ಅಂತಾರೆ ಡಾಕ್ಟರು. ಹೂಂ ಅನ್ನಲೋ ಉಹೂಂ ಅನ್ನಲೋ ತಿಳೀತಿಲ್ಲ. ತಂಗಿಗೆ ಹೇಳಿಲ್ಲ, ಅವಳಿಗೆ ಬಾಯಿ ಜಾಸ್ತಿ.”

ಅಕ್ಕನ ಚೀಟಿ. ಬುಧವಾರ ಇದೇ ಮಾತನ್ನು ನಾನೇ ಅಕ್ಷರ ಬಿಡದೆ ಹೊಡೆದಿದ್ದೆ, ಪೂರ್ಣವಿರಾಮದ ಸಮೇತ. ಒಂದೂ ನನ್ನೊಳಗೆ ಇಳಿದಿರಲಿಲ್ಲ. ಬಾಯಿ ಜಾಸ್ತಿಯಂತೆ! ಹಾಳಾದವಳು, ಇಷ್ಟು ದೊಡ್ಡದನ್ನು ಬಿಸ್ಕತ್ ಡಬ್ಬಿಗೆ ಹೇಳಿಕೊಂಡಿದ್ದಾಳೆ, ನನಗೆ ಹೇಳಲಿಲ್ಲ. ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. ಅಳುತ್ತಲೇ ಅವಳನ್ನು ಬೈದೆ.

ಸಮಾಧಾನವಾದ ಮೇಲೆ ಪೆನ್ಸಿಲ್ ಎತ್ತಿಕೊಂಡೆ, ಕೆಳಗಿಟ್ಟೆ. ‘ಕಾ’ ಹೊಡೆಯಲು ಹೋಗಿ ‘ಕೊ’ ಬಿತ್ತು ಎನ್ನೋಣ, ಬೆರಳು ಜಾರಿತು. ಆದರೆ ಆ ಯ ಒತ್ತು? ಯಕ್ಕೆ ಯ ಒತ್ತು ಕೊಡಬೇಕಾದರೆ ಇನ್ನೆರಡು ಕೀಲಿ ಹೊಡೆಯಬೇಕು. ಒತ್ತಕ್ಷರ ಯಾರ ಕೈಯಿಂದಲೂ ಜಾರಿ ಬೀಳುವುದಿಲ್ಲ, ಬೇಕೆಂದೇ ಹಾಕಬೇಕು. ಬೇಕೆಂದವರು ಯಾರು? ಅದು ಅಕ್ಕನ ಚೀಟಿ ಎಂಬುದೇ ನನಗೆ ಆಗ ಗೊತ್ತಿರಲಿಲ್ಲ. ನಿಜವಾಗಿ ಗೊತ್ತಿರಲಿಲ್ಲವೇ? ಎರಡು ತಿಂಗಳಿಂದ ಅವಳು ಎಡಗೈಯನ್ನು ಮೈಗೆ ಒತ್ತಿಕೊಂಡೇ ಓಡಾಡುತ್ತಿದ್ದುದನ್ನು, ಮೇಲಿನ ಕಪಾಟಿನ ಬಟ್ಟೆ ಇಳಿಸಲು ನನ್ನನ್ನೇ ಕರೆಯುತ್ತಿದ್ದುದನ್ನು ಕಣ್ಣು ಕಂಡಿತ್ತು. ನನ್ನೊಳಗೆ ಯಾವುದೋ ಒಂದು ಅದನ್ನೆಲ್ಲ ಕೂಡಿಸಿ ಇಟ್ಟುಕೊಂಡಿತ್ತೇನೋ. ಅದು ನಾನೋ, ಇನ್ನೊಬ್ಬರೋ? ಹಿರಿಯರನ್ನು ಲೇವಡಿ ಮಾಡಿದವಳ ಮೈಯೊಳಗೇ ಒಬ್ಬ ಹಿರಿಯಳು ಕೂತಿದ್ದರೆ ಏನು ಮಾಡುವುದು?

ನೇರ ಅಕ್ಕನ ಹತ್ತಿರ ಹೋಗಬಹುದಿತ್ತು. ಆದರೆ ಕೊಟ್ಟ ಮಾತು ಒಂದು ಕಡೆ. ಇನ್ನೊಂದು ಕಡೆ, ಅವಳನ್ನು ನಾನು ಬಲ್ಲೆ. ನಾನು ಹೋಗಿ ಬಾಯಿ ಮಾಡಿದರೆ ಹಟಕ್ಕಾದರೂ ಉಹೂಂ ಎನ್ನುವವಳು. ಏನೂ ಮಾಡದೆ ಹಾಳೆಯನ್ನು ಹಾಗೇ ಬಿಟ್ಟರೆ ಹಿರಿಯರ ಮಾತೆಂದು ಕಣ್ಣು ಮುಚ್ಚಿ ಹೋಗಿ ಮಲಗುತ್ತಾಳೆ, ಉಳಿಯುತ್ತಾಳೆ. ಎಷ್ಟು ಸುಲಭ! ಆದರೆ ಸುಳ್ಳು ಮಾತನ್ನು ನಂಬಿ ಮಲಗಿದವಳು ಅಲ್ಲೇ ಹೋಗಿಬಿಟ್ಟರೆ? ತಿದ್ದಿ ‘ಕಾಯಬೇಕು’ ಮಾಡಿದರೆ ಕಾಯುತ್ತಾಳೆ, ಗುಂಡಿ ಇನ್ನೂ ದೊಡ್ಡದಾಗುತ್ತದೆ. ಶುಕ್ರವಾರ ಬೆಳಿಗ್ಗೆ ಟೇಪು, ಹಾಳೆ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಟೀಚರ ಮನೆಗೆ ಹೋದೆ.

ಟೀಚರು ಹರಿದ ಹಳೆಯ ಭೂಪಟವೊಂದರ ಮಡಿಕೆಗೆ ಹಿಂದಿನಿಂದ ಬಟ್ಟೆಯ ಪಟ್ಟಿ ಅಂಟಿಸುತ್ತಿದ್ದರು. ಯಾರ ಚೀಟಿ ಎನ್ನುವುದೊಂದನ್ನು ಬಿಟ್ಟು ಎಲ್ಲ ಹೇಳಿದೆ.

“ಕಾಯಬೇಕು ಅಂತ ನೀವು ಹೇಳಿದ್ದೀರಿ, ಟೀಚರ್.”

“ನಾನು ಹೇಳಿದ್ದಲ್ಲ.”

“ಸರಿ, ಹಿರಿಯರು. ಅವರನ್ನೇ ಕೇಳೋಣ ಅಂದ್ರೆ ಮಂಗಳವಾರದ ತನಕ ಸಿಗೋದಿಲ್ಲವಲ್ಲ.”

ಅವರಿಗೆ ಕೋಪ ಬರಲಿಲ್ಲ. ಅಂಟು ಮೆತ್ತಿದ ಬೆರಳನ್ನು ಒರೆಸಿಕೊಳ್ಳುತ್ತಾ, “ಟೈಪ್ ಮಾಡುವಾಗ ನೀವು ಎಲ್ಲಿರ್ತೀರಿ?” ಎಂದು ಕೇಳಿದರು.

“ಕುರ್ಚಿಯಲ್ಲಿ.”

“ಮೈ ಕುರ್ಚಿಯಲ್ಲಿರುತ್ತೆ. ನೀವು?”

ತಮಾಷೆಯ ಉತ್ತರವೊಂದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. “ಇರೋದಿಲ್ಲ,” ಎಂದೆ.

“ನನಗೂ ಅಷ್ಟೇ. ಎಲ್ಲರೂ ನನ್ನ ಕಾಲು ಮುಟ್ಟೋಕೆ ಬರ್ತಾರೆ, ನನಗೆ ಮಾತ್ರ ಏನು ನಡೀತು ಅಂತಲೇ ಗೊತ್ತಿರಲ್ಲ.” ಭೂಪಟದ ಮಡಿಕೆಯನ್ನು ಸವರಿದರು. “ನಮ್ಮಮ್ಮ ಆಪರೇಷನ್ ಟೇಬಲ್ ಮೇಲೇ ಹೋಗಿಬಿಟ್ರು. ನನಗಾಗ ಹತ್ತೊಂಬತ್ತು. ಇನ್ನೊಂದು ವಾರ ಕಾಯೋಣ ಅಂತ ಅವತ್ತು ಕಿರುಚಿದ್ದೆ, ಯಾರೂ ಕೇಳ್ಲಿಲ್ಲ. ಈ ಕಾಯಬೇಕು ಅನ್ನೋದು ಹಿರಿಯರದೋ, ಆ ಹುಡುಗೀದೋ? ಒಳಗಿಂದ ಬರೋ ಮಾತಿಗೆಲ್ಲ ಇರೋದು ಒಂದೇ ಬಾಗಿಲು. ಯಾರು ಬಂದ್ರು ಅಂತ ನೋಡೋಕೆ ನಾನಲ್ಲಿ ಇರೋದಿಲ್ಲ.”

ಅವರನ್ನು ನಾನು ಇಷ್ಟು ದಿನ ಒಂದಿಷ್ಟು ಸೋಗಿನ ಹೆಂಗಸೆಂದೇ ತಿಳಿದಿದ್ದೆ. ನಾಚಿಕೆಯಾಯಿತು.

“ಹಾಗಾದ್ರೆ ಏನು ಹಾಕಲಿ?”

“ಅಸ್ಪಷ್ಟ ಅಂತ ಹಾಕಿ.”

“ಟೇಪಿನಲ್ಲಿ ಸ್ಪಷ್ಟವಾಗೇ ಇದೆ, ಟೀಚರ್.”

“ನಾನು ಟೇಪಿನ ವಿಷಯ ಹೇಳ್ತಿಲ್ಲ,” ಎಂದರು. ನಾನು ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತಿದ್ದಾಗ, ಇನ್ನು ಮೇಲೆ ಕಾಯಿಲೆಯ ಚೀಟಿ ತೆಗೆದುಕೊಳ್ಳಬೇಡಿ ಎಂದು ಯಜಮಾನರಿಗೆ ಕೂಗಿ ಕೂಗಿ ಹೇಳುತ್ತಿದ್ದರು.

ಮನೆಗೆ ಬಂದು, ಹಾಗೇ ಹಾಕಿದೆ. ಸರಿಯಾಗಿ ಕೇಳಿಸಿದ ಮಾತಿಗೆ ಅಸ್ಪಷ್ಟ ಎಂದು ಹಾಕಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಶನಿವಾರ ಹತ್ತಕ್ಕೆ ಹಾಳೆ ಗೋಡೆಗೆ ಹೋಯಿತು. ಮನೆಯಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಅವಳು ಅದನ್ನೇ ಉಹೂಂ ಎಂದುಕೊಂಡು ಸುಮ್ಮನಾದರೆ ಎಂಬ ಭಯ. ಸಂಜೆಯವರೆಗೆ ನೋಡುವುದು, ಬರದಿದ್ದರೆ ಕೊಟ್ಟ ಮಾತು ಗಾಳಿಗೆ ತೂರಿ ನಾನೇ ಹೋಗುವುದು ಎಂದು ನಿಶ್ಚಯಿಸಿದೆ. ಮೂರೂವರೆಗೆ ಅಕ್ಕ ಬಂದಳು, ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಜೋತಾಡುತ್ತಿತ್ತು. ಬಾಯಲ್ಲಿ ಎರಡು ಸೂಜಿ.

“ನಮ್ಮ ಗಿರಾಕಿ ಒಬ್ಬಳು ಚೀಟಿ ಹಾಕಿದ್ಲಂತೆ, ಮೂವತ್ತೊಂದು. ಪಾಪ, ಅವಳ ಒಬ್ಬಳದೇ ಅಸ್ಪಷ್ಟ ಅಂತ ಬಂದಿದೆ. ನಿನ್ನ ಕಿವಿಗೆ ಏನೂ ಬೀಳಲೇ ಇಲ್ವಾ?”

“ಕೂತ್ಕೋ ಅಕ್ಕ. ಮೊದಲು ಆ ಸೂಜಿ ತೆಗಿ.”

ಎಲ್ಲ ಹೇಳಿಬಿಟ್ಟೆ. ಟೇಪಿನಲ್ಲಿದ್ದದ್ದು, ಬೆರಳು ಹೊಡೆದದ್ದು, ಟೀಚರು ಅಂದದ್ದು. ಅವಳು ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೇಳಿದಳು.

“ನಂದೇ ಅಂತ ನಿನಗೆ ಹೇಗೆ ಗೊತ್ತಾಯ್ತೆ?”

“ಎದೆಯ ಗಂಟನ್ನ ಗುಂಡಿ ಲೆಕ್ಕದಲ್ಲಿ ಅಳೆಯೋರು ಈ ಊರಲ್ಲಿ ಇನ್ಯಾರಿದ್ದಾರೆ, ಮಾರಾಯ್ತಿ?”

ಅಕ್ಕ ಫಕ್ಕನೆ ನಕ್ಕಳು. ನಗುತ್ತಿದ್ದ ಹಾಗೇ ಮುಖ ಕಿವುಚಿಕೊಂಡಿತು. “ಕೊಯ್ಯೋದಕ್ಕೆ ಹೆದರಲ್ಲ ನಾನು. ದಿನಾ ಕತ್ತರಿ ಹಿಡಿಯೋಳು. ಪ್ರಜ್ಞೆ ತಪ್ಪಿಸ್ತಾರಲ್ಲ, ಅದಕ್ಕೆ. ಆಗ ನಾನು ಎಲ್ಲಿರ್ತೀನಿ? ವಾಪಸ್ ಬರೋ ದಾರಿ ಸಿಗದಿದ್ರೆ? ಒಂದು ವೇಳೆ ಅಲ್ಲಿ ನಿಮ್ಮ ಭಾವ ಕಂಡ್ರೆ, ನನಗೇ ಬರೋಕೆ ಮನಸ್ಸಾಗದಿದ್ರೆ?”

ಇದು ಗೇಲಿ ಮಾಡುವ ಮಾತಲ್ಲ, ಗೊತ್ತಿದ್ದು ಹೇಳುವ ಮಾತೂ ಅಲ್ಲ.

“ನನಗೆ ಗೊತ್ತಿಲ್ಲ ಅಕ್ಕ. ಭಾವ ಕಂಡ್ರೆ ಮಾತಾಡ್ಸು, ಬೇಡ ಅನ್ನಲ್ಲ. ಆಮೇಲೆ ಬಾ. ನೀನು ಕಣ್ಣು ಬಿಡೋ ಕಡೆ ನಾನು ಕೂತಿರ್ತೀನಿ.”

ಅವಳು ಬೆರಳಿಗೆ ಸುತ್ತಿದ್ದ ಅಳತೆ ಟೇಪನ್ನು ಬಿಚ್ಚಿ ಪಕ್ಕಕ್ಕಿಟ್ಟಳು.

“ಹಿರಿಯರು ಅಂದಿದ್ದು ಬಿಡು. ಬೆರಳು ಹೊಡೆದಿದ್ದೂ ಬಿಡು. ನೀನು ಏನಂತೀಯ?” ನಾನು ಬಾಯಿ ತೆರೆಯುವುದರೊಳಗೆ ಕೈ ಚಾಚಿದಳು. “ಇರು, ಮುಟ್ಟಿ ನೋಡಿ ಹೇಳು. ಕೊಡು ಇಲ್ಲಿ ಆ ಬೆರಳು.”

ನನ್ನ ಬಲಗೈಯ ಬೆರಳುಗಳನ್ನು ಹಿಡಿದು, ಸೆರಗು ಸರಿಸಿ, ಎಡಗಡೆಗೆ ಒತ್ತಿಕೊಂಡಳು. ಸಿಕ್ಕಿತು. ಕೋಟಿನ ಗುಂಡಿ. ಗಟ್ಟಿಯಾಗಿ, ಅಲುಗದೆ, ಬೆಚ್ಚಗಿನ ಮೈಯೊಳಗೆ ಕೂತಿತ್ತು. ಅದರ ಕೆಳಗೆ ಅವಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಚಿಕ್ಕವಳಿದ್ದಾಗ ಗುಡುಗಿಗೆ ಹೆದರಿ ನಾನು ಮುಖ ಹುದುಗಿಸಿಕೊಳ್ಳುತ್ತಿದ್ದ ಎದೆ ಅದು. ಬೆರಳನ್ನು ಅಲ್ಲೇ ಇಟ್ಟುಕೊಂಡು ಕೂತೆ.

“ಬಾಯಿ ಜಾಸ್ತಿ ಅಂತ ಬರೆದಿದ್ದೆನಲ್ಲೇ, ಎಲ್ಲಿ ಹೋಯ್ತು ಬಾಯಿ?” ಎಂದಳು ಅಕ್ಕ.

“ಕೊಯ್ಯಬೇಕು ಅಕ್ಕ,” ಎಂದೆ.

ನನ್ನ ಬೆರಳನ್ನು ಅವಳು ಬಿಡಲಿಲ್ಲ.

“ಹೂಂ,” ಎಂದಳು.