ಕರಗಿಸುವವನ ದಿಂಬು

ಕುಲುಮೆಯ ಮುಂದೆ ಕುಸಿದು ಸತ್ತವನ ಮೈಮೇಲಿನ ಬಟ್ಟೆಯನ್ನು ಟಂಕಸಾಲೆಯವರು ಮನೆಗೆ ಕೊಡಲಿಲ್ಲ. ಸುಟ್ಟು, ಬೂದಿ ಜಾಲಿಸಿ, ಅದರಲ್ಲಿದ್ದ ಚಿನ್ನದ ಪುಡಿ ತೆಗೆದುಕೊಂಡರು. ಜಾಲಿಸಿದವಳು ಅವನ ಹೆಂಡತಿ. ಅಲ್ಲಿ ಅವಳ ಕೆಲಸವೇ ಅದು. ತಟ್ಟೆಯ ತಳದಲ್ಲಿ ತಾನೇ ಹೊಲಿದಿದ್ದ ಹಿತ್ತಾಳೆ ಗುಂಡಿ ಸಿಕ್ಕಾಗಲೇ ಅದು ಯಾರ ಅಂಗಿಯ ಬೂದಿಯೆಂದು ಅವಳಿಗೆ ಗೊತ್ತಾದದ್ದು.

ಮರುದಿನ ಮಧ್ಯಾಹ್ನ ಅವಳ ಭಾವ, ಸತ್ತವನ ಅಣ್ಣ, ಖಾಲಿ ಚೀಲ ಹಿಡಿದು ಬಂದ. ಟಂಕಸಾಲೆಯ ಗೇಟಿನಲ್ಲಿ ಅವನು ಜಮಾದಾರ. ಸಂಜೆ ಹೊರಡುವವರ ತಲೆಯನ್ನು ಪರಾತದ ಮೇಲೆ ಬಗ್ಗಿಸಿ ಬಾಚಿಸುವವನು ಅವನೇ. ಎಷ್ಟು ಬಾಚಿದರೂ ತಮ್ಮನ ಕೂದಲಲ್ಲಿ ಒಂದಿಷ್ಟು ಪುಡಿ ಉಳಿದೇ ಮನೆಗೆ ಬರುತ್ತಿತ್ತು. "ನನ್ನ ತಲೆಗೂ ಬೆಲೆ ಇದೆ, ಈಗಲಾದ್ರೂ ಒಪ್ಕೋ," ಎಂದು ಗಂಡ ಅವಳನ್ನು ಕೆಣಕುತ್ತಿದ್ದ.

"ಆ ದಿಂಬು ಕೊಟ್ಬಿಡಮ್ಮ," ಎಂದ ಭಾವ. "ಸಾಹೇಬ್ರು ತರೋಕೆ ಹೇಳಿದಾರೆ."

"ದಿಂಬಿನ ವಿಷಯ ಸಾಹೇಬ್ರಿಗೆ ಹೇಗೆ ಗೊತ್ತು?"

ಭಾವ ಚೀಲದ ಹೊಲಿಗೆ ನೋಡತೊಡಗಿದ. ಮೂಲೆಯಲ್ಲಿದ್ದ ಅತ್ತೆ ಉತ್ತರ ಕೊಟ್ಟಳು. "ಇವನೇ ಊದಿರ್ತಾನೆ. ಬಿಸಿಲಿಗೆ ಹಾಕಿದ್ರೆ ನಮ್ಮನೆ ದಿಂಬು ಮಿನುಗತ್ತೆ ಅಂತ."

"ಮಾತಿಗೆ ಮಾತು ಬಂತಮ್ಮ. ಅವರು ನಕ್ಕರು, ನಾನೂ ನಕ್ಕೆ."

"ನಗು. ಹಳೇದು ಚಲಾವಣೆ ಇಲ್ಲ ಅಂತ ನನ್ನ ಕೊರಳ ನಾಣ್ಯ ಕರಗಿಸಿ, ಸಮುದ್ರದಾಚೆ ರಾಣಿ ಮುಖ ಒತ್ತಿದ್ರು. ಆಗಲೂ ನೀನೇ ಕೊಂಡೊಯ್ದಿದ್ದು."

ಭಾವ ದನಿ ತಗ್ಗಿಸಿ ತಮ್ಮನ ಹೆಂಡತಿಯತ್ತ ತಿರುಗಿದ. "ನೋಡಮ್ಮ, ಕೊಡದಿದ್ರೆ ನಾಳೆಯಿಂದ ನಿನ್ನ ಒಳಗೆ ಬಿಡಬೇಡ ಅಂದಿದಾರೆ. ಗೇಟಲ್ಲಿ ನಿಲ್ಲೋನು ನಾನು. ನನ್ನ ಕೈಲೇ ಅದು ಮಾಡಿಸ್ಬೇಡ. ಇನ್ನೊಂದು ದಿಂಬು ನಾನೇ ಹೊಲಿಸಿ ಕೊಡ್ತೀನಿ."

ಅವಳು ಒಳಗೆ ಹೋಗಿ ದಿಂಬು ತಂದಳು. ನಡುವೆ ಅವನ ತಲೆಯ ತಗ್ಗು ಹಾಗೇ ಇತ್ತು. ಎಣ್ಣೆಜಿಡ್ಡಿನ ಕಲೆಯಲ್ಲಿ ಅಲ್ಲೊಂದು ಇಲ್ಲೊಂದು ಕಣ ಹೊಳೆಯುತ್ತಿತ್ತು. ಭಾವ ನಿಟ್ಟುಸಿರು ಬಿಟ್ಟು ಚೀಲದ ಬಾಯಿ ಅಗಲಿಸಿದ.

ಮದುವೆಯಾಗಿ ಬಂದಾಗಿನಿಂದ ಭಾವನೆದುರು ಅವಳು ಕೂತವಳೂ ಅಲ್ಲ. ಈಗ ಅವನ ಕಾಲಬುಡದಲ್ಲೇ ಚಾಪೆ ಬಿಡಿಸಿದಳು. ದಿಂಬಿಟ್ಟು, ಆ ತಗ್ಗಿನಲ್ಲಿ ತಲೆಯಿಟ್ಟು, ಗೋಡೆಯ ಕಡೆ ಮಗ್ಗುಲಾದಳು.

"ಬಾಗಿಲು ಎಳ್ಕೊಂಡು ಹೋಗಿ ಭಾವ," ಎಂದಳು. "ಬೆಳಕು ಕಣ್ಣಿಗೆ ಹೊಡೀತಿದೆ."